ಎರಡು ಷೇರು ತಂತ್ರಗಳಲ್ಲಿ ಯಾವುದು ಮೇಲು ಎಂದು ಹಳೆಯ ಬೆಲೆಗಳ ಮೇಲೆ ಪರೀಕ್ಷಿಸುವುದು ಹೇಗೆ?

ಎರಡಕ್ಕೂ ಒಂದೇ ಬಂಡವಾಳ, ಒಂದೇ ಅವಧಿ ಕೊಡಿ. ಜೊತೆಗೆ ಕೊಂಡು ಸುಮ್ಮನೆ ಇಟ್ಟುಕೊಳ್ಳುವ ಮೂರನೆಯ ಲೆಕ್ಕವನ್ನೂ ಓಡಿಸಿ. ಅದನ್ನು ಮೀರಿಸದ ತಂತ್ರಕ್ಕೆ ಪಟ್ಟ ಶ್ರಮ ದಂಡ.

ಹಲವರು ಎಡವುವುದು ಷೇರುಗಳ ಪಟ್ಟಿಯಲ್ಲೇ. ಇಂದಿನ ನಿಫ್ಟಿ 50 (50 ದೊಡ್ಡ ಕಂಪನಿಗಳ ಸೂಚ್ಯಂಕ) ಪಟ್ಟಿ ಹಿಡಿದು 2008ರಿಂದ ಪರೀಕ್ಷಿಸಿದರೆ, ಸತ್ಯಂ, ಯೆಸ್ ಬ್ಯಾಂಕ್‌ನಂತೆ ಕುಸಿದು ಹೊರಬಿದ್ದವು ಲೆಕ್ಕಕ್ಕೇ ಬರುವುದಿಲ್ಲ, ಲಾಭ ಉಬ್ಬಿ ಕಾಣುತ್ತದೆ. ಆಯಾ ದಿನಾಂಕದ ಪಟ್ಟಿಯನ್ನೇ ಬಳಸಿ.

ಬೆಲೆಯ 50 ದಿನಗಳ ಸರಾಸರಿ 200 ದಿನಗಳ ಸರಾಸರಿಯನ್ನು ಮೇಲಕ್ಕೆ ದಾಟಿದಾಗ ಕೊಳ್ಳುವ ತಂತ್ರವೆನ್ನಿ; ದಾಟಿತೆಂದು ತಿಳಿಯುವುದು ಮಾರುಕಟ್ಟೆ ಮುಗಿದ ಮೇಲೆ. ಹಾಗಾಗಿ ಖರೀದಿಯನ್ನು ಮರುದಿನದ ಆರಂಭದ ಬೆಲೆಗೆ ಬರೆಯಿರಿ. ಡೆಲಿವರಿಯಲ್ಲಿ (ಅದೇ ದಿನ ಮಾರದೆ ಷೇರನ್ನು ಖಾತೆಗೆ ಪಡೆಯುವ ವಹಿವಾಟು) ಕೊಳ್ಳುವಾಗಲೂ ಮಾರುವಾಗಲೂ 0.1% ಎಸ್‌ಟಿಟಿ (ಷೇರು ವಹಿವಾಟು ತೆರಿಗೆ) ಕಳೆಯಿರಿ. ಬೋನಸ್ (ಉಚಿತ ಷೇರು), ಸ್ಪ್ಲಿಟ್‌ಗೆ (ಷೇರು ವಿಭಜನೆ) ಹೊಂದಿಸಿದ ಬೆಲೆಯೇ ಇರಲಿ. ಒಟ್ಟು ಲಾಭಕ್ಕಿಂತ ಮೊದಲು ಶಿಖರದಿಂದಾದ ಅತಿ ದೊಡ್ಡ ಕುಸಿತ ನೋಡಿ: 50% ಕರಗಿದ ಹಣ ಮೊದಲಿನಷ್ಟಾಗಲು 100% ಏರಬೇಕು.