ಓಡುತ್ತಿದ್ದ ಕಾರು ಹಠಾತ್ತನೆ ನಿಂತಾಗ

ಪ್ರಶ್ನೆ: ಹೆಬ್ಬಾಳದ ಮೇಲ್ಸೇತುವೆಯಲ್ಲಿ ನನ್ನ ಹಳೆಯ ಡೀಸೆಲ್ ಕಾರು ಯಾವ ಮುನ್ಸೂಚನೆಯೂ ಇಲ್ಲದೆ ನಿಂತಿತು. ಟೈಮಿಂಗ್ ಬೆಲ್ಟ್ ತುಂಡಾಗಿದೆಯೆಂದು ಮೆಕ್ಯಾನಿಕ್ ಹೇಳುತ್ತಾರೆ. ಬೆಲ್ಟ್ ಬದಲಿಸಿದರೆ ಸಾಕೇ?
– ಓದುಗರು, ಯಲಹಂಕ

ಉತ್ತರ: ದಯವಿಟ್ಟು ಮತ್ತೆ ಕೀ ತಿರುಗಿಸಬೇಡಿ. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) 2 ಸುತ್ತು ತಿರುಗುವಾಗ ಕ್ಯಾಮ್ (ಗಾಳಿ, ಹೊಗೆಯ ವಾಲ್ವುಗಳನ್ನು ತೆರೆಯುವ ದಂಡ) 1 ಸುತ್ತು ತಿರುಗುವಂತೆ ಈ ಬೆಲ್ಟ್ ಎರಡನ್ನೂ ಹೊಂದಿಸಿಡುತ್ತದೆ; ಅದು ತುಂಡಾದೊಡನೆ ಕ್ಯಾಮ್ ನಿಂತು, ತೆರೆದೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಬಡಿಯುವ ಸಾಧ್ಯತೆ ಡೀಸೆಲ್ ಎಂಜಿನ್ನಿನಲ್ಲಿ ಬಹಳ ಹೆಚ್ಚು. ಆದ್ದರಿಂದ ಮೇಲಿನ ಕವಚ ತೆಗೆಸಿ ಬೆಲ್ಟನ್ನು ಕಣ್ಣಾರೆ ನೋಡಿ. ತುಂಡಾಗಿದ್ದರೆ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿ ವಾಲ್ವುಗಳು ಬಾಗಿವೆಯೇ ಎಂದು ಪರೀಕ್ಷಿಸದೆ ಹೊಸ ಬೆಲ್ಟ್ ಹಾಕುವುದು, ನನ್ನ ಅಭಿಪ್ರಾಯದಲ್ಲಿ, ಹಣ ಪೋಲು ಮಾಡಿದಂತೆ.

ಬೆಲ್ಟ್ ಏಕೆ ಹೋಯಿತೆಂಬುದೂ ತಿಳಿಯಬೇಕು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಬೇರಿಂಗ್ ಬಿಗಿಹಿಡಿದಿರಬಹುದು, ಆಯಿಲ್ ಸೋರಿ ರಬ್ಬರ್ ಮೆತ್ತಗಾಗಿರಬಹುದು. ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ರಾಟೆಗಳಾದ ಐಡ್ಲರ್‌ಗಳನ್ನು, ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪನ್ನೂ ಒಟ್ಟಿಗೇ ಬದಲಿಸಿ. ಕ್ರ್ಯಾಂಕ್ ಮತ್ತು ಕ್ಯಾಮ್ ಕಡೆಯ ಗುರುತುಗಳನ್ನು ಹೊಂದಿಸಿದ ಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ 2 ಸುತ್ತು ತಿರುಗಿಸಿ, ಎಲ್ಲಿಯೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಸ್ಟಾರ್ಟ್ ಮಾಡಿಸಿ.

ಮುಂದೆ ಬೆಲ್ಟ್ ಯಾವಾಗ ಬದಲಿಸಬೇಕೆಂಬುದಕ್ಕೆ ಮೀಟರಿನ ಕಿಲೋಮೀಟರನ್ನಷ್ಟೇ ನಂಬಬೇಡಿ. ಸಿಲ್ಕ್ ಬೋರ್ಡಿನ ಸಂದಣಿಯಲ್ಲಿ ಕಾರು ನಿಂತೇ ಇದ್ದರೂ ಎಂಜಿನ್ ಚಾಲೂ ಇರುವವರೆಗೆ ಬೆಲ್ಟ್ ಓಡುತ್ತಲೇ ಇರುತ್ತದೆ.