ಹಳೇ ಇಟ್ಟಿಗೆ ಗೋಡೆ ಉದುರುತ್ತಿದ್ದರೆ ಸಿಮೆಂಟ್ ತೆಗೆಸಿ
ನೀವು ಕೆಫೆಗೆ ಬಾಡಿಗೆಗೆ ತೆಗೆದುಕೊಂಡ ಬಸವನಗುಡಿಯ ಹಳೇ ಮನೆಗೆ ಹೊಸ ಸಿಮೆಂಟ್ ಪ್ಲಾಸ್ಟರ್ ಆಗಿದೆ, ನೆಲದಿಂದ 3 ಅಡಿವರೆಗೆ ಇಟ್ಟಿಗೆ ಪುಡಿಯಾಗುತ್ತಿದೆ, ಬಾಗಿಲ ಮೇಲೆ ಓರೆ ಬಿರುಕೂ ಇದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇಟ್ಟಿಗೆ ಪುಡಿಯಾಗಲು ಕಾರಣ ಬಹುಶಃ ಆ ಹೊಸ ಸಿಮೆಂಟ್ ಪ್ಲಾಸ್ಟರೇ. ಸುಣ್ಣದ ಗಾರೆಯ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಒಳಗೇ ಉಪ್ಪು ಕಟ್ಟಿ ಇಟ್ಟಿಗೆ ಸಿಡಿಯುತ್ತದೆ.

ಮೊದಲು ಮಳೆನೀರು ಗೋಡೆ ಬುಡದಲ್ಲಿ ನಿಲ್ಲದಂತೆ ಮಾಡಿ. ಆಮೇಲೆ ಸಿಮೆಂಟನ್ನು ಉಳಿ, ಸುತ್ತಿಗೆಯಲ್ಲೇ ಕೆತ್ತಿಸಿ. ಗೋಡೆ ಒಡೆಯುವ ಬ್ರೇಕರ್ ಯಂತ್ರ ಬೇಡವೇ ಬೇಡ. ಗೋಡೆ ಒಣಗಲು ತಿಂಗಳುಗಳೇ ಬೇಕು, ಬಾಡಿಗೆ ವಿಷಯ ಮಾಲೀಕರ ಹತ್ತಿರ ಈಗಲೇ ಮಾತಾಡಿಕೊಳ್ಳಿ. ಹಾಳಾದ ಇಟ್ಟಿಗೆಗಳನ್ನು ಸಾಲಾಗಿ ಕೀಳದೆ, ಅಲ್ಲೊಂದು ಇಲ್ಲೊಂದು ಬದಲಿಸುತ್ತಾ ಬನ್ನಿ. ಸಂದಿಗೂ ಪ್ಲಾಸ್ಟರಿಗೂ ಸುಣ್ಣದ ಗಾರೆಯೇ ಇರಲಿ.

ಬಾಗಿಲ ಮೇಲಿನ ಓರೆ ಬಿರುಕು ಬೇರೆ ಕಥೆ. ತಳಪಾಯ ಕುಸಿದಿದೆಯೋ, ಮರದ ತೊಲೆ ಕೊಳೆತಿದೆಯೋ, ಇಲ್ಲಿಂದಲೇ ಹೇಳಲಾರೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದಿಡಿ. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಒಡೆಯದಿದ್ದರೂ, ಮಹಡಿಯಲ್ಲಿ ಗಿರಾಕಿಗಳನ್ನು ಕೂರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.