ವಿದ್ಯುತ್ ಯೋಜನೆಯ ಪರಿಸರ ಪರಿಣಾಮ: ಬಿ.ಎ., ಬಿ.ಕಾಂ. ತರಗತಿಗೆ ಕಲಿಸುವುದು ಹೇಗೆ?

ಪ್ರಶ್ನೆ: ತುಮಕೂರು ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಿಗೆ ಪರಿಸರ ಅಧ್ಯಯನ ಬೋಧಿಸುತ್ತಿದ್ದೇನೆ. ವಿದ್ಯುತ್ ಯೋಜನೆಗಳ ಪರಿಣಾಮವನ್ನು ಅಳೆಯುವುದು ವಿಜ್ಞಾನದವರ ಕೆಲಸವೆಂದು ಅವರು ಹಿಂಜರಿಯುತ್ತಾರೆ. ಪಠ್ಯ ಓದಿಸುವುದಕ್ಕಿಂತ ಹೆಚ್ಚಿನದನ್ನು ಮಾಡಿಸಬಹುದೇ?

ಉತ್ತರ: ಖಂಡಿತ ಮಾಡಿಸಬಹುದು. ನಿಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕನ್ನೇ ಆರಿಸಿಕೊಳ್ಳಿ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸೌರಫಲಕಗಳ ಯೋಜನೆಗೆ ಪರಿಸರ ಪೂರ್ವಾನುಮತಿ ಬೇಕಿಲ್ಲವಾದ್ದರಿಂದ, ನಕಲು ಮಾಡಿಕೊಳ್ಳಲು ಸಿದ್ಧ ಪರಿಣಾಮ ವರದಿ ಸಿಗದೆ ವಿದ್ಯಾರ್ಥಿಗಳು ತಾವೇ ಪ್ರಶ್ನೆ ಕೇಳಬೇಕಾಗುತ್ತದೆ.

ಮೊದಲು ಮೆಗಾವಾಟ್‌ಗೂ (ಸಾವಿರ ಕಿಲೋವಾಟ್, ಅಂದರೆ ಸಾಮರ್ಥ್ಯ) ಯೂನಿಟ್‌ಗೂ (ನಿಜಕ್ಕೂ ತಯಾರಾದ ವಿದ್ಯುತ್ತಿನ ಅಳತೆ) ಇರುವ ವ್ಯತ್ಯಾಸವನ್ನು ಲೆಕ್ಕ ಮಾಡಿಸಿಯೇ ತಿಳಿಸಿ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ನಾಲ್ಕೈದು ಯೂನಿಟ್ ಕೊಡುತ್ತದೆ. ನಾಲ್ಕೇ ಎಂದುಕೊಂಡರೂ ಇಡೀ ಪಾರ್ಕಿನಿಂದ ದಿನಕ್ಕೆ 80 ಲಕ್ಷ ಯೂನಿಟ್ ದಾಟುತ್ತದೆ. ಅಷ್ಟನ್ನೇ ಕಲ್ಲಿದ್ದಲಿನಿಂದ ಪಡೆಯುವುದಾದರೆ, ಯೂನಿಟ್‌ಗೆ ಸುಮಾರು 700 ಗ್ರಾಂ ದೇಶೀ ಕಲ್ಲಿದ್ದಲಿನಂತೆ ದಿನಕ್ಕೆ 5,600 ಟನ್ ಸುಡಬೇಕು, ಅದರ ಮೂರನೇ ಒಂದು ಭಾಗದಷ್ಟು ಬೂದಿಯಾಗಿ ಉಳಿಯುತ್ತದೆ. ಗುಣಾಕಾರ, ಭಾಗಾಕಾರ ಬಲ್ಲ ಯಾರಿಗೂ ಇದು ಕಷ್ಟವಲ್ಲ.

ಆಮೇಲೆ ಹಳ್ಳಿಗೆ ಕರೆದೊಯ್ಯಿರಿ. ಅಲ್ಲಿ ಜಮೀನನ್ನು ಕೊಂಡಿಲ್ಲ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದಿದ್ದಾರೆ. ಬರದ ನೆಲದಲ್ಲಿ ಕಡಲೆಕಾಯಿ ಬೆಳೆದು ಸೋತಿದ್ದ ರೈತನಿಗೆ ಇದು ನಿಶ್ಚಿತ ಆದಾಯ. ಆದರೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಫಲಕ ತೊಳೆಯುವ ನೀರು ಎಲ್ಲಿಂದ ಬರುತ್ತದೆ, ಮೇವಿಗೆ ಈಗ ಎಷ್ಟು ದೂರ ಹೋಗಬೇಕು ಎಂದು ಜನರನ್ನು ಕೂರಿಸಿ ಮಾತಾಡಿಸುವುದರಲ್ಲಿ ಕಲಾ ವಿಭಾಗದವರು ವಿಜ್ಞಾನದವರಿಗಿಂತ ಮುಂದಿರುತ್ತಾರೆಂಬುದು ನನ್ನ ನಂಬಿಕೆ.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ: ಪ್ರತಿ ಪರಿಣಾಮಕ್ಕೂ ಅಂಕ ಕೊಟ್ಟು ಕೂಡಿಸುವ ಕೋಷ್ಟಕ ಬೇಡ. ಒಬ್ಬರ ಮನೆಗೆ ಬಂದ ಗುತ್ತಿಗೆ ಹಣವು ಇನ್ನೊಬ್ಬರು ಕಳೆದುಕೊಂಡ ಕೂಲಿಯನ್ನು ಅಳಿಸುವುದಿಲ್ಲ. ಕೂಡಿದ ಮೊತ್ತದಲ್ಲಿ ಎರಡನೆಯವರು ಕಾಣದಂತಾಗುತ್ತಾರೆ. ಯಾರಿಗೆ ಏನು ಸಿಕ್ಕಿತು, ಯಾರಿಂದ ಏನು ಹೋಯಿತು ಎಂಬುದನ್ನು ಬೇರೆಬೇರೆಯಾಗಿಯೇ ಬರೆಸಿ.

ವಿಜ್ಞಾನಿಗಳಲ್ಲದವರು ಇಂಥ ಪರಿಶೀಲನೆಗೆ ಮುಂದಾಗುವುದು ಹೊಸತೇನಲ್ಲ. 1980ರ ದಶಕದ ಆರಂಭದಲ್ಲಿ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವು ತಜ್ಞರನ್ನು ಕರೆಸಿ ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ಮರುಪರಿಶೀಲಿಸಿತು, ಯೋಜನೆ ನಿಂತಿತು.

ಮುಂದಿನ ಹಂತಕ್ಕೆ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು) ಸೂಕ್ತ. ಸಾರ್ವಜನಿಕ ಆಲಿಕೆ (ಸ್ಥಳೀಯರ ಅಭಿಪ್ರಾಯ ಕೇಳುವ ಸಭೆ) ಬೇಕಾದ ಇಂಥ ಯೋಜನೆಗಳ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕೆಂಬುದು ನಿಯಮ. ಅದನ್ನು ಓದಿಸಿ, ಮಾಹಿತಿಯನ್ನು ಯಾವ ಋತುವಿನಲ್ಲಿ ಸಂಗ್ರಹಿಸಿದ್ದಾರೆಂದು ಹುಡುಕಲು ಹೇಳಿ. ಅದರಲ್ಲಿ ಮಳೆಗಾಲದ ಅಳತೆಯೂ ಇದೆಯೇ ಎಂಬುದು ಮುಖ್ಯ. ಮಲೆನಾಡಿನ ಹಳ್ಳ, ಗುಡ್ಡಕುಸಿತಗಳ ಸ್ವರೂಪ ತಿಳಿಯುವುದೇ ಮಳೆಗಾಲದಲ್ಲಿ. ಸುರಂಗದಿಂದ ತೆಗೆದ ಮಣ್ಣು, ಕಲ್ಲನ್ನು ಎಲ್ಲಿ ಹಾಕುತ್ತಾರೆ, ನೀರನ್ನು ಮೇಲೆತ್ತಲು ಬೇಕಾದ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳನ್ನೂ ಸೇರಿಸಿ, ಏಕೆಂದರೆ ಇಂಥ ಘಟಕ 100 ಯೂನಿಟ್ ಬಳಸಿ 75-80 ಯೂನಿಟ್ ಮಾತ್ರ ಹಿಂದಿರುಗಿಸುತ್ತದೆ.